ದೊಡ್ಡವನಾದ್ಮೇಲೆ ಮಂಗನಬಾವು ಬಂದು ಒಂದು ಬೀಜ ಊದಿತ್ತು, ಈಗ ಮಗು ಆಗೋದು ಕಷ್ಟನಾ?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ಇಪ್ಪತ್ನಾಲ್ಕನೇ ವಯಸ್ಸಲ್ಲಿ ಮಂಗನಬಾವು ಬಂತು, ಕೆನ್ನೆ ಬಾವು ಇಳಿಯೋ ಹೊತ್ಗೆ ಎಡಗಡೆ ಬೀಜ ಊದ್ಕೊಂಡು ನಡೆಯಕ್ಕೇ ಆಗ್ಲಿಲ್ಲ, ಈಗ ಮದ್ವೆಯಾಗಿ ಒಂದೂವರೆ ವರ್ಷ ಆದ್ರೂ ಮಗು ಇಲ್ಲ, ಹೋದ ತಿಂಗ್ಳು ಡೆಂಗ್ಯೂ ಬೇರೆ ಬಂತು, ಮನೇಲಿ ಎಲ್ರೂ ಹೆಂಡ್ತಿನೇ ತೋರಿಸ್ಕೊಂಡ್ ಬಾ ಅಂತಿದಾರೆ ಅಂದಿದೀರ. ನಾನು ಡಾಕ್ಟ್ರಲ್ಲ, ಮೈಸೂರಲ್ಲಿ ಲ್ಯಾಬ್ ಟೆಕ್ನಿಷಿಯನ್, ವೀರ್ಯ ಪರೀಕ್ಷೆ ಮಾಡೋದೇ ನನ್ನ ಕೆಲ್ಸ. ಮೊದ್ಲು ಟೆಸ್ಟ್ ಆಗ್ಬೇಕಾಗಿರೋದು ನಿಮ್ಗೆ, ಆದ್ರೆ ಈ ತಿಂಗ್ಳು ಬೇಡ. ಯಾಕೆ ಅಂತ ಹೇಳ್ತೀನಿ.

ಚಿಕ್ಕ ಮಕ್ಳಿಗೆ ಮಂಗನಬಾವು ಬಂದ್ರೆ ಬೀಜಕ್ಕೆ ತೊಂದ್ರೆ ಆಗೋದು ತೀರಾ ಅಪರೂಪ. ಮೀಸೆ ಬಂದ್ಮೇಲೆ ಬಂದ್ರೆ ಮಾತ್ರ ನೂರರಲ್ಲಿ ಸುಮಾರು 15ರಿಂದ 30 ಜನಕ್ಕೆ ಬೀಜಕ್ಕೂ ಇಳಿಯುತ್ತೆ, ಸಾಮಾನ್ಯವಾಗಿ ಕೆನ್ನೆ ಊದಿ ನಾಲ್ಕೈದು ದಿನದಿಂದ ಒಂದು ವಾರದೊಳಗೆ, ಅಂದ್ರೆ ನಿಮ್ಗೆ ಆದಂಗೇ. ಬೀಜದ ಸುತ್ತ ಒಂದು ಗಟ್ಟಿ ಪೊರೆ ಇದೆ, ಅದು ಹಿಗ್ಗಲ್ಲ. ಕೆನ್ನೆ ಊದಿದ್ರೆ ಚರ್ಮ ಹಿಗ್ಗಿ ಜಾಗ ಕೊಡುತ್ತೆ, ಇಲ್ಲಿ ಜಾಗ ಇಲ್ದೆ ಒಳಗಿರೋ ಸಣ್ಣ ಸಣ್ಣ ನಾಳಗಳೇ ಅಮುಕಿ ಹೋಗ್ತವೆ, ವೀರ್ಯಾಣು ಹುಟ್ಟೋದು ಅಲ್ಲೇ. ಅದಕ್ಕೇ ಊದಿದ್ದ ಬೀಜ ಆಮೇಲೆ ಸಣ್ಣ ಆಗೋದೂ ಉಂಟು, ನಿಮ್ದು ಆಗಿದ್ಯಾ ಅಂತ ಸರ್ಜನ್ನೋ ಯೂರಾಲಜಿಸ್ಟೋ ಕೈಲಿ ಮುಟ್ಟಿ ನೋಡಿ ಹೇಳ್ತಾರೆ, ಬೇಕಿದ್ರೆ ಸ್ಕ್ಯಾನ್ ಬರೀತಾರೆ. ಆದ್ರೆ ಹೆಚ್ಚಿನವ್ರಿಗೆ ಒಂದೇ ಕಡೆ ಆಗೋದು, ಇನ್ನೊಂದು ಚೆನ್ನಾಗಿದ್ರೆ ಮಗು ಆಗಕ್ಕೆ ಅದೇ ಸಾಕು. ಎರಡೂ ಕಡೆ ಊದಿದ್ದವ್ರಲ್ಲೂ ಪೂರ್ತಿ ಬಂಜೆತನ ಕಮ್ಮಿನೇ. ಒಂದು ಸಣ್ಣ ಆಗಿದ್ರೂ ಇನ್ನೊಂದ್ರಿಂದ ಒಳ್ಳೆ ಕೌಂಟ್ (ವೀರ್ಯಾಣುಗಳ ಸಂಖ್ಯೆ) ಬಂದಿರೋ ಸ್ಲೈಡ್ ನಾನೇ ನೋಡಿದೀನಿ, ಮೈಕ್ರೋಸ್ಕೋಪ್‌ಗೆ ಕಣ್ಣಿಟ್ರೆ ಇಡೀ ಸ್ಲೈಡ್ ತುಂಬ ಓಡಾಡ್ತಿರ್ತವೆ.

ಈಗ ಡೆಂಗ್ಯೂ ವಿಷ್ಯ. ಬೀಜ ಹೊರಗಡೆ ತೂಗಾಡೋದೇ ಮೈಗಿಂತ ಎರಡು ಮೂರು ಡಿಗ್ರಿ ಸೆಲ್ಸಿಯಸ್ ತಣ್ಣಗಿರ್ಲಿ ಅಂತ. ಜ್ವರ 103 ಫ್ಯಾರನ್‌ಹೀಟ್‌ಗೆ ಏರಿ ನಾಲ್ಕು ದಿನ ಕೂತ್ರೆ ಆ ಹೊತ್ತಲ್ಲಿ ತಯಾರಾಗ್ತಿರೋ ವೀರ್ಯಾಣುಗಳಿಗೆ ಪೆಟ್ಟು ಬೀಳುತ್ತೆ, ಡೆಂಗ್ಯೂ ಆಗ್ಲಿ ಫ್ಲೂ ಆಗ್ಲಿ ಕೋವಿಡ್ ಆಗ್ಲಿ. ಒಂದು ವೀರ್ಯಾಣು ತಯಾರಾಗಕ್ಕೆ ಸುಮಾರು 74 ದಿನ ಬೇಕು, ಆಮೇಲೆ ಹೊರಗೆ ಬರಕ್ಕೆ ಇನ್ನೊಂದೆರಡು ವಾರ, ಹಾಗಾಗಿ ಜ್ವರ ಬಿಟ್ಟು ಮೂರು ತಿಂಗ್ಳು ಆಗೋವರ್ಗೂ ಬರೋ ರಿಪೋರ್ಟು ಜ್ವರದ್ದು, ನಿಮ್ದಲ್ಲ. ಎಷ್ಟೋ ಜನ ಜ್ವರ ಬಂದಿದ್ದು ಹೇಳೋದೇ ಇಲ್ಲ, ಕೌಂಟ್ ಕಮ್ಮಿ ಬಂತು ಅಂತ ಮುಖ ಬಾಡಿಸ್ಕೊಂಡು ಹೋಗ್ತಾರೆ, ನೋಡಿದ್ರೆ ನಂಗೇ ಸಂಕಟ ಆಗುತ್ತೆ. ಕೋವಿಡ್ ಲಸಿಕೆಯಿಂದ ಕೌಂಟ್ ಬಿತ್ತು ಅಂತ ಈಗ್ಲೂ ಕೇಳ್ತಾರೆ, ಅದು ಸುಳ್ಳು, ಲಸಿಕೆಗೆ ಮುಂಚೆ ಆಮೇಲೆ ಎರಡೂ ಅಳೆದು ನೋಡಿದಾರೆ, ಕಮ್ಮಿ ಆಗಿಲ್ಲ.

ಟೆಸ್ಟಿಗೆ ಹೋಗುವಾಗ ಹಿಂದಿನ ಸಲ ವೀರ್ಯ ಹೊರಗೆ ಹೋಗಿ ಎರಡರಿಂದ ಏಳು ದಿನ ಬಿಡುವಿರ್ಬೇಕು. ಸ್ಯಾಂಪಲ್ ಲ್ಯಾಬಲ್ಲೇ ಕೊಡಿ, ದಯವಿಟ್ಟು ಮನೆಯಿಂದ ತರ್ಬೇಡಿ. ಮಂಡ್ಯದಿಂದ ಡಬ್ಬಿನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಂಡು ಬಸ್ಸಲ್ಲಿ ಬರ್ತಾರೆ, ಶ್ರೀರಂಗಪಟ್ಟಣ ದಾಟಿ ಸ್ಟ್ಯಾಂಡಲ್ಲಿ ಇಳಿದು ಆಟೋ ಹಿಡಿಯೋ ಹೊತ್ಗೆ ಒಂದು ಗಂಟೆ ಮೇಲಾಗಿರುತ್ತೆ, ಅಷ್ಟೊತ್ಗೆ ಕೆಲವು ವೀರ್ಯಾಣು ಓಡಾಟ ನಿಲ್ಸಿರ್ತವೆ, ರಿಪೋರ್ಟಲ್ಲಿ ಮೊಟಿಲಿಟಿ ಕಮ್ಮಿ ಅಂತ ಬರುತ್ತೆ. ಡಬ್ಲ್ಯೂಎಚ್‌ಒ 2021ರಲ್ಲಿ ಕೊಟ್ಟಿರೋ ಕನಿಷ್ಠ ಲೆಕ್ಕ ಒಂದು ಎಂಎಲ್‌ಗೆ 1 ಕೋಟಿ 60 ಲಕ್ಷ ವೀರ್ಯಾಣು, ಓಡಾಟ 42 ಪರ್ಸೆಂಟ್, ಆಕಾರ ಸರಿ ಇರೋದು ಬರೀ 4 ಪರ್ಸೆಂಟ್ ಇದ್ರೂ ನಾರ್ಮಲ್ಲೇ. 96 ಪರ್ಸೆಂಟ್ ಅಬ್ನಾರ್ಮಲ್ ಅಂತ ನೋಡಿ ಗಾಬರಿ ಬೀಳ್ಬೇಡಿ. ಒಂದು ರಿಪೋರ್ಟ್ ಕೆಟ್ಟದಾಗಿ ಬಂದ್ರೆ ಕೆಲವು ವಾರ ಬಿಟ್ಟು ಇನ್ನೊಂದ್ಸಲ ಮಾಡ್ಸಿ. ಅಕಸ್ಮಾತ್ ನಿಜವಾಗ್ಲೂ ತೀರಾ ಕಮ್ಮಿ ಇದ್ರೆ ಇಕ್ಸಿ ಅಂತಿದೆ, ಲ್ಯಾಬಲ್ಲಿ ಸೂಜಿಯಿಂದ ವೀರ್ಯಾಣುನ ಅಂಡದೊಳಗೆ ಹಾಕೋದು, ಅದರಲ್ಲಿ ಒಂದು ಅಂಡಕ್ಕೆ ಒಂದೇ ವೀರ್ಯಾಣು ಸಾಕು, ವೀರ್ಯದಲ್ಲಿ ಸೊನ್ನೆ ಬಂದ್ರೂ ಕೆಲವರಿಗೆ ಬೀಜದಿಂದ್ಲೇ ತೆಗೀತಾರೆ.

ಇದನ್ನ ಓದ್ತಿರೋ ಬೇರೆಯವ್ರಿಗೂ ಒಂದು ಮಾತು. ಬೀಜ ಇದ್ದಕ್ಕಿದ್ದಂಗೆ ಜೋರಾಗಿ ನೋಯಕ್ಕೆ ಶುರುವಾದ್ರೆ ಮಂಗನಬಾವೇ ಅಂದ್ಕೊಂಡು ಲೇಪ ಹಚ್ಕೊಂಡು ಕೂರ್ಬೇಡಿ, ಅದು ಒಳಗೇ ತಿರುಚ್ಕೊಂಡಿರ್ಬೋದು, ಹಾಗಾಗಿದ್ರೆ ಆರು ಗಂಟೆಯೊಳಗೆ ಬಿಡಿಸ್ಬೇಕು, ಮಂಡ್ಯದ ಮಿಮ್ಸ್ ಆಸ್ಪತ್ರೆಯೋ ಮೈಸೂರಿನ ಕೆಆರ್ ಆಸ್ಪತ್ರೆಯೋ ಯಾವ್ದು ಹತ್ರನೋ ಅಲ್ಲಿಗೆ ರಾತ್ರಿಯಾದ್ರೂ ಓಡಿ. ಮಕ್ಳಿಗೆ ಸರ್ಕಾರದವ್ರು ನಮ್ಮಲ್ಲಿ 2017ರಿಂದ ಹಾಕ್ತಿರೋ ಎಂಆರ್ ಲಸಿಕೆ ದಡಾರ ರುಬೆಲ್ಲಾಗೆ ಮಾತ್ರ, ಮಂಗನಬಾವು ಅದರಲ್ಲಿಲ್ಲ, ಎಂಎಂಆರ್ ಬೇಕು ಅಂದ್ರೆ ಮಕ್ಕಳ ಡಾಕ್ಟ್ರ ಹತ್ರ ಕೇಳಿ ದುಡ್ಡು ಕೊಟ್ಟು ಹಾಕಿಸ್ಬೇಕು.

ನಿಮ್ಮ ಮನೆಯವ್ರ ವಿಷ್ಯ. ಹೆಂಗಸ್ರಿಗೆ ಟ್ಯೂಬ್ ಟೆಸ್ಟ್ (ಗರ್ಭನಾಳ ತೆರೆದಿದ್ಯಾ ಅಂತ ನೋಡೋದು) ಅಂದ್ರೆ ಎಕ್ಸ್‌ರೇ ಟೇಬಲ್ ಮೇಲೆ ಮಲಗ್ಸಿ ಗರ್ಭಕೋಶಕ್ಕೆ ಡೈ ಬಿಡ್ತಾರೆ, ನೋವಾಗುತ್ತೆ. ನಿಮ್ದು ಒಂದು ಡಬ್ಬಿ ಅಷ್ಟೇ. ನಿಮ್ಮ ತಾಯಿ ಹತ್ರ ನೀವೇ ಕೂತು, ನಂಗೆ ಆಗ ಹೀಗಾಗಿತ್ತು, ಡೆಂಗ್ಯೂ ಬಂದಿದ್ರಿಂದ ಮೂರು ತಿಂಗ್ಳು ಕಾಯ್ಬೇಕಂತೆ, ನನ್ನ ರಿಪೋರ್ಟ್ ಬರ್ಲಿ, ಅಲ್ಲಿವರ್ಗೂ ಅವಳನ್ನ ಎಲ್ಲೂ ಕರ್ಕೊಂಡು ಹೋಗ್ಬೇಡಿ ಅಂತ ಹೇಳಿ.