ಇಲಿ ಪ್ರಯೋಗದಿಂದ ಏನು ತಿಳಿಯುತ್ತದೆ ಅಂತ ಕೇಳಿದವರಿಗೆ

ಮಡಿಕೇರಿಯಲ್ಲಿ ಅಪ್ಪನ ಅನ್ನನಾಳದ ಉಬ್ಬಿದ ರಕ್ತನಾಳಕ್ಕೆ ಬ್ಯಾಂಡ್ (ಬಿಗಿಯುವ ಸಣ್ಣ ರಬ್ಬರ್ ಉಂಗುರ) ಹಾಕಿದರು, ಇದಕ್ಕೆ ಇಲಿ ಮೇಲಿನ ಪ್ರಯೋಗ ಏನು ಉಪಯೋಗ ಅಂತ ಕೇಳಿದ್ದೀರಿ. ನಾನೂ ವಿರಾಜಪೇಟೆ ಕಡೆಯವನೇ, ಓದಿದ್ದು ಫಾರ್ಮಕಾಲಜಿ, ಅಂದರೆ ಔಷಧಿಗಳ ಶಾಸ್ತ್ರ.

ಇಲಿಯ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ನಾಳದ ಪಕ್ಕಕ್ಕೆ 20 ಗೇಜಿನ ಸೂಜಿ ಇಟ್ಟು, ಎರಡನ್ನೂ ಸೇರಿಸಿ ದಾರ ಬಿಗಿಯುತ್ತಾರೆ. ಸೂಜಿ ಎಳೆದು ತೆಗೆದರೆ ಅದರಷ್ಟೇ ದಾರಿ ಉಳಿಯುತ್ತದೆ. ಒತ್ತಡ ಏರುತ್ತದೆ. ತೋಡಿಗೆ ಮಣ್ಣು ಕುಸಿದರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತೆ ಅಲ್ವಾ, ಹಾಗೆ ಎರಡು ವಾರದೊಳಗೆ ರಕ್ತ ಪಕ್ಕದ ಸಣ್ಣ ನಾಳಗಳ ಅಡ್ಡದಾರಿ ಹಿಡಿಯುತ್ತದೆ, ಅವು ಉಬ್ಬುತ್ತವೆ. ಅಪ್ಪನ ಅನ್ನನಾಳದಲ್ಲಿ ನಾಳ ಉಬ್ಬಿದ್ದೂ ಹೀಗೆಯೇ.

ಆದರೆ ಇಲಿಗಳಲ್ಲಿ ಹೀಗೆ ಉಬ್ಬಿದ ನಾಳ ತಾನಾಗಿ ಒಡೆದು ರಕ್ತ ಸುರಿಯುವುದು ತೀರಾ ಅಪರೂಪ. ಇಲಿ ವಾಂತಿಯನ್ನೂ ಮಾಡುವುದಿಲ್ಲ. ಹಾಗಾಗಿ ಇದು ಒತ್ತಡದ ಮಾದರಿ, ರಕ್ತಸ್ರಾವದ್ದಲ್ಲ ಅನ್ನುವುದೇ ನನ್ನ ಅಭಿಪ್ರಾಯ. ಒತ್ತಡ ಇಳಿಸುವ ಔಷಧಿ ಪರೀಕ್ಷಿಸಲು ತುಂಬಾ ಒಳ್ಳೆಯದು. ಸಿರೋಸಿಸ್ಸೇ (ಲಿವರ್ ಗಾಯದ ಕಲೆ ಕಟ್ಟಿ ಗಟ್ಟಿಯಾಗುವ ರೋಗ) ಬೇಕಿದ್ದರೆ ಇಲಿಯ ಪಿತ್ತನಾಳ ಕಟ್ಟುತ್ತಾರೆ, ಸುಮಾರು 4 ವಾರ ಸಾಕು. ಬ್ಯಾಂಡ್ ಹಾಕುವಂಥ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸುವ) ಚಿಕಿತ್ಸೆಗೆ ಇಲಿ ತೀರಾ ಚಿಕ್ಕದು. ಅದನ್ನು ನಾಯಿಗಳಲ್ಲಿ ಆಪರೇಷನ್‌ನಿಂದ ನಾಳ ಉಬ್ಬಿಸಿ ನೋಡಿದ್ದಾರೆ.

ಅಪ್ಪನಿಗೆ ಪ್ರೊಪ್ರನೊಲಾಲ್ ಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ. ಆ ಮಾತ್ರೆ ಇಳಿಸುವುದು ಇದೇ ಒತ್ತಡವನ್ನು. ಮಲ ಕಪ್ಪಾಗಿ ಅಂಟಂಟಾಗಿ ಬಂದರೆ, ರಕ್ತ ವಾಂತಿಯಾದರೆ, ಮಧ್ಯರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.