ಗೆದ್ದ ಮೇಲೆ ಅಳಬಾರದೇ, ಮೇಷ್ಟ್ರೇ?

ಪತ್ರ: ಪಿಯುಸಿ ಓದುವ ಮೊಮ್ಮಗಳ ಕಾಟಕ್ಕೆ ‘ಹಂಗರ್ ಗೇಮ್ಸ್’ ಸರಣಿಯ ಮೊದಲ ಮೂರು ಪುಸ್ತಕ ಓದಿದೆ. ಮೊದಲೆರಡನ್ನು ಕೆಳಗಿಡಲು ಆಗಲಿಲ್ಲ. ಮೂರನೆಯದು, ‘ಮಾಕಿಂಗ್‌ಜೇ’, ನಿರಾಸೆ ತಂದಿತು. ನಾಯಕಿ ಎಷ್ಟೋ ಹೊತ್ತು ಆಸ್ಪತ್ರೆ ಮಂಚದ ಮೇಲೆಯೇ ಇರುತ್ತಾಳೆ. ಯಾವ ತಂಗಿಗಾಗಿ ಇಷ್ಟೆಲ್ಲ ಶುರುವಾಯಿತೋ ಆ ತಂಗಿಯೇ ಸಾಯುತ್ತಾಳೆ. ಕೊನೆಯ ಬಾಣ ಬೀಳುವುದು ಶತ್ರುವಿಗಲ್ಲ, ತನ್ನದೇ ಕಡೆಯ ನಾಯಕಿಗೆ. ಗೆದ್ದ ಮೇಲೂ ಅಳಿಸಿದರೆ ಮಕ್ಕಳಿಗೆ ಹೋರಾಟದಲ್ಲಿ ನಂಬಿಕೆ ಉಳಿಯುತ್ತದೆಯೇ? ಎಳೆಯರ ಪುಸ್ತಕಕ್ಕೆ ಇಂಥ ಕೊನೆ ಬೇಕಿತ್ತೇ?
– ನಿವೃತ್ತ ಶಿಕ್ಷಕರು, ಬಂಗಾರಪೇಟೆ

ಸಂಪಾದಕರ ಉತ್ತರ: ಬೇಕಿತ್ತು ಮೇಷ್ಟ್ರೇ. ಇಂಥದ್ದೇ ಬೇಕಿತ್ತು.

ಮೊಮ್ಮಗಳು ಕೈಗಿಟ್ಟ ಪುಸ್ತಕವನ್ನು ಕೊನೇ ಪುಟದವರೆಗೆ ಓದಿ, ಆಮೇಲೆ ಕೂತು ಕಾಗದ ಬರೆಯುವ ತಾತಂದಿರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಸಿಕ್ಕಾರು? ಅದಕ್ಕೇ ನಿಮ್ಮ ಜೊತೆ ಜಗಳ ಆಡೋಕೆ ಖುಷಿ. (ಪುಸ್ತಕ ಓದಬೇಕೆಂದಿರುವವರು ಈ ಪುಟ ಮಗುಚಿಬಿಡಿ. ಅರ್ಧ ಗುಟ್ಟನ್ನು ಮೇಷ್ಟ್ರು ರಟ್ಟು ಮಾಡಿದ್ದಾರೆ, ಉಳಿದರ್ಧ ನಾನು ಮಾಡುತ್ತೇನೆ.)

ನಿಮ್ಮ ದೂರಿನಲ್ಲಿ ಹುರುಳಿಲ್ಲ ಅಂತಲ್ಲ. ಮೊದಲರ್ಧ ಎಳೆಯುತ್ತದೆ. ದೊಡ್ಡ ಘಟನೆಗಳು ನಡೆಯುವಾಗ ನಾಯಕಿ ಕಾಟ್ನಿಸ್‌ಗೆ ಎಚ್ಚರವೇ ಇರುವುದಿಲ್ಲ. ಸಿನಿಮಾದವರು ಈ ಒಂದೇ ಪುಸ್ತಕವನ್ನು 2014ರಲ್ಲಿ ಒಂದು, 2015ರಲ್ಲಿ ಇನ್ನೊಂದು ಅಂತ ಎರಡು ಮಾಡಿ ಮತ್ತಷ್ಟು ಎಳೆದರು. ಆಯ್ತು, ಒಪ್ಪಿದೆ.

ಆದರೆ ಕಥೆ ಎಲ್ಲಿಂದ ಶುರುವಾಯಿತು ನೆನಪಿಸಿಕೊಳ್ಳಿ. ಹನ್ನೆರಡು ಜಿಲ್ಲೆಗಳಿಂದ ಒಬ್ಬ ಹುಡುಗ, ಒಬ್ಬ ಹುಡುಗಿಯಂತೆ 24 ಮಕ್ಕಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಅವರು ಒಬ್ಬರನ್ನೊಬ್ಬರು ಕೊಲ್ಲುವುದನ್ನು ರಾಜಧಾನಿಯ ಜನ ಟಿವಿಯಲ್ಲಿ ನೋಡುತ್ತಾರೆ. ಟಿವಿ ಚಾನಲ್ ಬದಲಿಸುತ್ತಾ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧ ಕಂಡಾಗ ಈ ಕಥೆ ಹೊಳೆಯಿತು ಎಂದು ಲೇಖಕಿ ಸುಝಾನ್ ಕಾಲಿನ್ಸ್ ಹೇಳಿದ್ದಾರೆ. ಆಕೆಯ ಅಪ್ಪ ವಾಯುಪಡೆಯವರು. ಮಗಳಿಗೆ ಆರು ವರ್ಷವಿದ್ದಾಗ ವಿಯೆಟ್ನಾಂ ಯುದ್ಧಕ್ಕೆ ಹೋದವರು. ಯುದ್ಧಕ್ಕೆ ಹೋದ ಅಪ್ಪನ ದಾರಿ ಕಾದ ಮಗಳು, ಯುದ್ಧ ಮುಗಿದ ಕೂಡಲೇ ವಾಲಗ ಊದಿಸಿ ಮದುವೆ ಊಟ ಹಾಕಿಸಬೇಕಿತ್ತೇ?

ಇನ್ನೊಂದು ಮಾತು. ಕಾಟ್ನಿಸ್ ಗಣಿ ಊರಿನ ಹುಡುಗಿ. ಅಪ್ಪ ಕಲ್ಲಿದ್ದಲ ಗಣಿಯೊಳಗಿನ ಸ್ಫೋಟದಲ್ಲಿ ಹೋದ. ಬಂಗಾರಪೇಟೆಯಲ್ಲಿ ಕೂತು ನಿಮಗೆ ಇದು ಅಮೆರಿಕದ ಕಥೆ ಅನ್ನಿಸಿತಾ? ಚಿನ್ನದ ಗಣಿಯ ಕೆಜಿಎಫ್ ನಿಮಗೆ ಪಕ್ಕದ ಊರಲ್ವಾ! ಅಲ್ಲಿನ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಜನ ಇಳಿದರು. ಬಂಡೆ ಸಿಡಿದು ಸತ್ತವರಿದ್ದಾರೆ, ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರಿದ್ದಾರೆ. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದರು. ‘ಮಾಕಿಂಗ್‌ಜೇ’ಯಲ್ಲಿ ನಾಶವಾಯಿತೆಂದು ಎಲ್ಲರೂ ನಂಬಿದ್ದ ಹದಿಮೂರನೇ ಜಿಲ್ಲೆಯವರು ದಿನಾ ಬೆಳಗ್ಗೆ ಮುಂಗೈಗೆ ಆ ದಿನದ ಕೆಲಸದ ಪಟ್ಟಿಯನ್ನು ನೇರಳೆ ಶಾಯಿಯಲ್ಲಿ ಒತ್ತಿಸಿಕೊಳ್ಳುತ್ತಾರೆ. ಬಂಡಾಯಗಾರರ ಊರದು, ನೆನಪಿರಲಿ. ಅದನ್ನು ಓದುವಾಗ ನನಗೆ ಚಾಂಪಿಯನ್ ರೀಫಿನ ಬೆರಳುಗಳೇ ಕಂಡವು.

1956ರಲ್ಲಿ ಗಣಿ ಬಿಳಿಯರ ಕಂಪನಿಯಿಂದ ಸರ್ಕಾರದ ಕೈಗೆ ಬಂತು. ಅದು ಗೆಲುವು ತಾನೇ? 2001ರ ಫೆಬ್ರವರಿ 28ಕ್ಕೆ ಅದೇ ಗಣಿ ಮುಚ್ಚಿತು. ಲೈನ್ ಮನೆಗಳಲ್ಲಿ ಉಳಿದವರನ್ನು ಮಾತಾಡಿಸಿ ನೋಡಿ. ಗೆದ್ದವರ ಮುಂದಿನ ಕಥೆ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕೊನೆಯ ಬಾಣಕ್ಕೆ ಬರೋಣ. ರಾಜಧಾನಿ ಬಿದ್ದಿದೆ. ಬಂಡಾಯದ ಅಧ್ಯಕ್ಷೆ ಕಾಯಿನ್ ಏನು ಹೇಳುತ್ತಾಳೆ? ಇನ್ನೊಂದೇ ಒಂದು ಸಲ ಆಟ ನಡೆಸೋಣ, ಈ ಸಲ ಸೋತವರ ಮಕ್ಕಳನ್ನು ಇಳಿಸೋಣ ಅಂತ. ತಂಗಿಯನ್ನು ಕೊಂದ ಬಾಂಬು ತಮ್ಮ ಕಡೆಯದ್ದೇ ಎಂಬ ಅನುಮಾನ ಕಾಟ್ನಿಸ್‌ಗೆ ಆಗಲೇ ಬಂದುಬಿಟ್ಟಿದೆ. ಹಳೇ ದೊರೆ ಸ್ನೋ ಎದುರಿಗೆ ಕಟ್ಟಿಹಾಕಿದ ಹಾಗೇ ನಿಂತಿದ್ದಾನೆ. ಅವಳು ಬಿಲ್ಲನ್ನು ಮೇಲಕ್ಕೆತ್ತಿ ಹೊಸ ದೊರೆಗೆ ಬಿಡುತ್ತಾಳೆ. ಇದನ್ನು ಓದಿದ ಮಗು ಹೋರಾಟ ದಂಡ ಅಂದುಕೊಳ್ಳುವುದಿಲ್ಲ ಮೇಷ್ಟ್ರೇ. ಗೆದ್ದ ನಮ್ಮವರ ಮೇಲೂ ಕಣ್ಣಿಡಬೇಕು ಅಂದುಕೊಳ್ಳುತ್ತದೆ. ನಮ್ಮೂರಿನ ಎಷ್ಟೋ ದೊಡ್ಡವರಿಗೆ ಬಾರದ ಬುದ್ಧಿ ಅದು.

ಇದೇನು ಹೊಸದೇ? ಹದಿನೆಂಟು ದಿನ ಕಾದು ಗೆದ್ದ ರಾತ್ರಿಯೇ ದ್ರೌಪದಿಯ ಐದೂ ಮಕ್ಕಳನ್ನು ಅಶ್ವತ್ಥಾಮ ಮಲಗಿದಲ್ಲೇ ಕೊಂದ. ಗೆಲುವಿನ ಬೆನ್ನಿಗೇ ಸಾಯುವ ಕಾಟ್ನಿಸ್ ತಂಗಿ ಪ್ರಿಮ್‌ಗೆ ಇದಕ್ಕಿಂತ ಹತ್ತಿರದ ನೆಂಟರು ಬೇಕೇ? ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿ ಧರ್ಮರಾಯನಿಗೆ ಪಟ್ಟ ಕಟ್ಟಿದ. ಅವನೂ ಆ ರಾತ್ರಿಯನ್ನು ಮರೆಮಾಚಲಿಲ್ಲ. ವ್ಯಾಸರಂತೂ ಬಿಡಲೇ ಇಲ್ಲ. ಹೆಂಗಸರ ಅಳು, ಯಾದವರ ನಾಶ, ಹಿಮಾಲಯದ ದಾರಿಯಲ್ಲಿ ಒಬ್ಬೊಬ್ಬರಾಗಿ ಬೀಳುವುದು, ಎಲ್ಲ ಬರೆದರು.

ಹಾಳು ಮಾಡಿದ್ದು ನಮ್ಮ ‘ಕುರುಕ್ಷೇತ್ರ’ ನಾಟಕ ಅನ್ನಿಸುತ್ತದೆ. ಶ್ರೀನಿವಾಸಪುರದ ಕಡೆ ಒಂದು ಹಳ್ಳಿಯಲ್ಲಿ ನೋಡಿದೆ. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಜಾಸ್ತಿ ದುಡ್ಡು ಕಟ್ಟಿದವರು ಊರಿನ ಗಣ್ಯರು. ತೊಡೆ ಮುರಿದು ಬಿದ್ದರು. ಜನ ಒನ್ಸ್ ಮೋರ್ ಅಂದರು. ಎದ್ದು ನಿಂತು ಕಂದ ಹಾಡಿ ಮತ್ತೆ ಬಿದ್ದರು. ಮಂಗಳ ಹಾಡಿದರು, ಬೆಳಗಾಯಿತು, ಎಲ್ಲರೂ ಕಾಫಿಗೆ ಹೋದರು. ಯುದ್ಧದ ಮಾರನೇ ದಿನ ಏನಾಯಿತೆಂದು ಆ ಪೆಂಡಾಲಿನಲ್ಲಿ ಯಾರೂ ಕೇಳಲಿಲ್ಲ.

ಮಕ್ಕಳು ತಡೆಯೋದಿಲ್ಲ ಅನ್ನುತ್ತೀರಾ? ‘ಕೆರೆಗೆ ಹಾರ’ವನ್ನು ನೀವೇ ಪಾಠ ಮಾಡಿರುತ್ತೀರಿ. ನೀರು ಬರಲಿ ಅಂತ ಕಿರಿ ಸೊಸೆ ಭಾಗೀರಥಿಯನ್ನು ಕೆರೆಗೆ ಕೊಡುತ್ತಾರೆ. ದಂಡಿನಿಂದ ಬಂದ ಗಂಡನೂ ಅದಕ್ಕೇ ಹಾರುತ್ತಾನೆ. ಹತ್ತು ಮಾರ್ಕಿಗೆ ಸಾರಾಂಶ ಬರೆಸುವಾಗ ಎಳೆಯ ಮನಸ್ಸಿನ ಚಿಂತೆ ಬರಲಿಲ್ಲವಲ್ಲ!

ನನ್ನ ಹೊಟ್ಟೆಯುರಿ ಬೇರೆ ಇದೆ. ನಿಮ್ಮ ಮೊಮ್ಮಗಳು ಈ ಮೂರೂ ಪುಸ್ತಕವನ್ನು ಇಂಗ್ಲಿಷಿನಲ್ಲೇ ಓದಿರಬೇಕು. ಅವಳ ವಯಸ್ಸಿಗೆ ಕನ್ನಡದಲ್ಲಿ ಏನು ಕೊಡುತ್ತೀರಿ? ಹತ್ತು ವರ್ಷದವರೆಗೆ ಮೊಲ, ನರಿ, ಕೊನೆಯಲ್ಲಿ ದಪ್ಪಕ್ಷರದಲ್ಲಿ ‘ನೀತಿ’. ಆಮೇಲೆ ಸೀದಾ ದೊಡ್ಡವರ ಕಾದಂಬರಿ. ನಡುವಿನ ಏಳೆಂಟು ವರ್ಷ ಗೈಡು ಮತ್ತು ನೀಟ್ ಪುಸ್ತಕ. ಪ್ರಕಾಶಕರನ್ನು ಕೇಳಿದರೆ ಓದುವವರಿಲ್ಲ ಅನ್ನುತ್ತಾರೆ. ತಂದೆ-ತಾಯಿಗಳನ್ನು ಕೇಳಿದರೆ ಪುಸ್ತಕವೇ ಇಲ್ಲ ಅನ್ನುತ್ತಾರೆ. ಮಾಸ್ತಿ, ಡಿವಿಜಿ ಹುಟ್ಟಿದ ಜಿಲ್ಲೆ ಅಂತ ಭಾಷಣದಲ್ಲಿ ಹೇಳಿಕೊಳ್ಳುವುದಕ್ಕೆ ಮಾತ್ರ ಕಡಿಮೆ ಇಲ್ಲ.

ಲೈಬ್ರರಿಯಲ್ಲಿ ಸಿಗಬೇಕಿತ್ತು. 1965ರ ಗ್ರಂಥಾಲಯ ಕಾಯ್ದೆ ಇದೆ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ಅಂತ ವಸೂಲಾಗುತ್ತದೆ. ಅದನ್ನು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಂಡ ಸ್ಥಳೀಯ ಸಂಸ್ಥೆಗಳ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಿಮಗೆ ರಿಟೈರ್ ಆದ ಮೇಲೆ ಹೊತ್ತಿದೆ, ಕೈಬರಹವೂ ಮುದ್ದಾಗಿದೆ. ನಿಮ್ಮ ಪುರಸಭೆಗೆ ಒಂದು ಅರ್ಜಿ ಹಾಕಿ, ನಿಮ್ಮೂರಿನ ದುಡ್ಡು ಎಲ್ಲಿದೆ ಅಂತ ಕೇಳಿ. ಉತ್ತರ ಬಂದರೆ ಇದೇ ಪುಟದಲ್ಲಿ ಹಾಕುತ್ತೇನೆ. ಬರದಿದ್ದರೆ ಅದನ್ನೂ ಹಾಕುತ್ತೇನೆ.