ಮೊದಲು ಆರ್ಡರ್, ಆಮೇಲೆ ಬಟ್ಟೆ

ಪತ್ರದ ಸಾರ: ಎರಡು ವರ್ಷ ನಡೆಸಿದ ಸ್ಟಾರ್ಟಪ್ ಮುಚ್ಚಿದೆ, ಸ್ವಲ್ಪ ಉಳಿತಾಯ ಕೈಯಲ್ಲಿದೆ. ಇಬ್ಬರು ಕಲಾವಿದ ಗೆಳೆಯರ ಚಿತ್ರಗಳನ್ನು ಟೀ ಶರ್ಟ್ ಮೇಲೆ ಪ್ರಿಂಟ್ ಮಾಡಿಸಿ ಆನ್‌ಲೈನ್‌ನಲ್ಲಿ ಮಾರುವ ಯೋಚನೆಯಿದೆ. 12 ಚಿತ್ರ, 4 ಬಟ್ಟೆ ಬಣ್ಣ, 5 ಸೈಜ್, ಮೊದಲ ಕಂತಿಗೆ 600 ಶರ್ಟ್. ಪ್ರಿಂಟಿಂಗ್ ಯಂತ್ರವನ್ನೂ ಕೊಳ್ಳಬೇಕೆ, ಕಲಾವಿದರಿಗೆ ಎಷ್ಟು ಕೊಡಬೇಕು, ಹಳೆಯ ಕಂಪನಿಯ ಗ್ರಾಹಕರಿಗೆ ಸುದ್ದಿ ಕಳಿಸಬಹುದೆ ಎಂದು ಓದುಗರು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದುತ್ತಾ 600 ಎಂಬ ಅಂಕಿಯ ಹತ್ತಿರ ನಿಂತುಬಿಟ್ಟೆವು. 12 ಚಿತ್ರ, 4 ಬಣ್ಣ, 5 ಸೈಜ್ ಗುಣಿಸಿದರೆ 240 ಬಗೆಯ ಶರ್ಟ್‌ಗಳಾಗುತ್ತವೆ. 600 ಶರ್ಟ್ ಹಂಚಿದರೆ ಒಂದೊಂದು ಬಗೆಗೆ ಸಿಗುವುದು ಎರಡೂವರೆ. ಜನ ಮೆಚ್ಚಿದ ಚಿತ್ರದ ಎಂ, ಎಲ್ ಸೈಜ್‌ಗಳು ಬೇಗ ಮುಗಿಯುತ್ತವೆ. ಯಾರೂ ಕೇಳದ ಚಿತ್ರದ ಎಸ್, ಡಬಲ್ ಎಕ್ಸ್‌ಎಲ್ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಬೇಡಿಕೆಯಿರುವುದನ್ನು ಮತ್ತೆ ಪ್ರಿಂಟ್ ಮಾಡಿಸೋಣವೆಂದರೆ ಹಣವೆಲ್ಲ ಮಾರಾಟವಾಗದ ಬಟ್ಟೆಯಲ್ಲಿ ಕೂತಿರುತ್ತದೆ. ಚಿತ್ರ ಚೆನ್ನಾಗಿದ್ದೂ ಈ ವ್ಯಾಪಾರ ನಿಂತುಹೋಗುವುದು ಹೆಚ್ಚಾಗಿ ಹೀಗೆಯೇ. ಒಮ್ಮೆ ಪೆಟ್ಟು ತಿಂದಿರುವ ನೀವು ಉಳಿದಿರುವ ಹಣವನ್ನು ಈ ದಾರಿಗೆ ಹಾಕಬೇಡಿ.

ಮೂರು ಚಿತ್ರ ಆರಿಸಿ. ಬಟ್ಟೆ ಒಂದೇ ಬಣ್ಣದ್ದಿರಲಿ. ಆಗ ಬಗೆಗಳು ಬರೀ 15. ಅವನ್ನೂ ಮುಂಚೆ ತಯಾರಿಸಿಡಬೇಡಿ, ಮುಂಗಡ ಆರ್ಡರ್ ತೆಗೆದುಕೊಳ್ಳಿ. ಒಂದೊಂದು ಚಿತ್ರಕ್ಕೆ ಒಂದೊಂದೇ ಮಾದರಿ ಶರ್ಟ್ ಮಾಡಿಸಿ, ಫೋಟೊ ತೆಗೆದು, ಹತ್ತು ದಿನ ಆರ್ಡರ್ ತೆರೆದಿಡಿ. ಚಿತ್ರವೊಂದಕ್ಕೆ 40 ಆರ್ಡರ್ ಬಾರದಿದ್ದರೆ ಆ ಚಿತ್ರ ಪ್ರಿಂಟ್ ಆಗುವುದಿಲ್ಲ, ಹಣ ಪೂರ್ತಿ ವಾಪಸ್ ಬರುತ್ತದೆ ಎಂದು ಮೊದಲೇ ಬರೆದಿರಿ. ಆರ್ಡರ್ ಮುಚ್ಚಿದ ಮೇಲೆ ಬಟ್ಟೆ ತರಿಸಲು ಒಂದು ವಾರ, ಪ್ರಿಂಟಿಗೆ ಒಂದು ವಾರ, ಪರೀಕ್ಷಿಸಿ ಪ್ಯಾಕ್ ಮಾಡಲು ಮೂರು ದಿನ ಹಿಡಿದು, ಗ್ರಾಹಕರಿಗೆ ನಾಲ್ಕು ವಾರದ ಗಡುವು ಹೇಳಿ. ನೂರಕ್ಕೆ ಐದು ಶರ್ಟ್ ಹೆಚ್ಚು ತರಿಸಿ. ಪ್ರಿಂಟಿನಲ್ಲಿ ಕೆಡುವುದಕ್ಕೂ ಸೈಜ್ ಬದಲಾವಣೆಗೂ ಅವು ಬೇಕು.

2000ರಲ್ಲಿ ಶಿಕಾಗೊದಲ್ಲಿ ಶುರುವಾದ ಥ್ರೆಡ್‌ಲೆಸ್ ಕಂಪನಿ ಕಲಾವಿದರ ಚಿತ್ರಗಳಿಗೆ ನೋಡುಗರಿಂದ ಮತ ಹಾಕಿಸಿ, ಗೆದ್ದವನ್ನು ಪ್ರಿಂಟ್ ಮಾಡಿ ಬೆಳೆಯಿತು. ಆದರೆ ಸಣ್ಣ ವ್ಯಾಪಾರಕ್ಕೆ ಮತಕ್ಕಿಂತ ಮುಂಗಡ ಹಣವೇ ಒಳ್ಳೆಯ ಅಳತೆ. ಲೈಕ್ ಒತ್ತಲು ಖರ್ಚಿಲ್ಲ, ನೂರು ಲೈಕ್ ಬಂದ ಚಿತ್ರಕ್ಕೆ ಮೂರು ಆರ್ಡರ್ ಬರುವುದುಂಟು.

ಯಂತ್ರ ಬೇಡ. ನೇರವಾಗಿ ಬಟ್ಟೆಯ ಮೇಲೆ ಇಂಕ್ ಸಿಂಪಡಿಸುವ ಡಿಟಿಜಿ ಯಂತ್ರ ದಿನವೂ ಓಡಬೇಕು. ಅದರ ಬಿಳಿ ಇಂಕಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಅದು ತೂಕದ ಪುಡಿ, ಯಂತ್ರ ಸುಮ್ಮನಿದ್ದರೆ ತಳಕ್ಕಿಳಿದು ಇಂಕ್ ಚಿಮ್ಮುವ ಹೆಡ್‌ನ ತೂತುಗಳನ್ನು ಕಟ್ಟುತ್ತದೆ. ತಿಂಗಳಿಗೊಮ್ಮೆ ಕಂತು ತೆಗೆಯುವವರಿಗೆ ಅದರ ರಿಪೇರಿಯೇ ಒಂದು ಕೆಲಸವಾದೀತು. ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಅಂಟಿನ ಪುಡಿಯೊಂದಿಗೆ ಬಟ್ಟೆಗೆ ಒತ್ತುವ ಡಿಟಿಎಫ್, ಒಂದೆರಡು ಶರ್ಟಿನ ಮಾದರಿಗೆ ಅನುಕೂಲ. ದೊಡ್ಡ ಚಿತ್ರವಾದರೆ ಮಾತ್ರ ಎದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದಂತೆ ಗಾಳಿಯಾಡುವುದಿಲ್ಲ. 40 ದಾಟಿದ ಕಂತಿಗೆ, ಚೌಕಟ್ಟಿಗೆ ಬಿಗಿದ ಜಾಲರಿಯ (ಸ್ಕ್ರೀನ್) ಮೂಲಕ ಇಂಕನ್ನು ಬಟ್ಟೆಗೆ ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಆರಿಸಿ, ಹೊರಗೆ ಮಾಡಿಸಿ.

ಇಲ್ಲಿ ಕಲಾವಿದರೂ ಪ್ರಿಂಟರೂ ಒಟ್ಟಿಗೆ ಕೂತು ಮಾತಾಡಬೇಕು. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣಕ್ಕೊಂದು ಸ್ಕ್ರೀನ್. ಕಪ್ಪು ಬಟ್ಟೆಯ ಮೇಲೆ ಬಣ್ಣ ಎದ್ದು ಕಾಣಬೇಕಾದರೆ ಅಡಿಯಲ್ಲಿ ಬಿಳಿಯ ಒಂದು ಪದರ ಬೇಕು, ಅಂದರೆ ನಾಲ್ಕು ಬಣ್ಣದ ಚಿತ್ರಕ್ಕೆ ಐದು ಸ್ಕ್ರೀನ್. ಸ್ಕ್ರೀನ್ ಮಾಡುವ ಖರ್ಚು 40 ಶರ್ಟಿಗೂ 400ಕ್ಕೂ ಒಂದೇ ಆದ್ದರಿಂದ ಚಿಕ್ಕ ಕಂತಿನಲ್ಲಿ ಪ್ರತಿ ಬಣ್ಣವೂ ದುಬಾರಿ. ಬಟ್ಟೆಯ ಬಣ್ಣವನ್ನೇ ಚಿತ್ರದ ಒಂದು ಬಣ್ಣವಾಗಿ ಬಳಸುವಂತೆ ಕಲಾವಿದರನ್ನು ಕೇಳಿ. ಕಪ್ಪು ಬಟ್ಟೆಯೇ ರಾತ್ರಿಯಾದರೆ, ಕೂದಲಾದರೆ, ನೆರಳಾದರೆ, ಎರಡೇ ಇಂಕಿನಲ್ಲಿ ತುಂಬಿದ ಚಿತ್ರ ಬರುತ್ತದೆ. ಟೀ ಶರ್ಟಿಗೆಂದೇ ಬಿಡಿಸಿದ ಚಿತ್ರಕ್ಕೂ ಕ್ಯಾನ್ವಾಸಿನಿಂದ ಎತ್ತಿ ಹಾಕಿದ ಚಿತ್ರಕ್ಕೂ ಇರುವ ವ್ಯತ್ಯಾಸ ಧರಿಸುವವರಿಗೆ ತಕ್ಷಣ ಗೊತ್ತಾಗುತ್ತದೆ. ಬಿಳಿ ಪದರವನ್ನು ಮೇಲಿನ ಬಣ್ಣಕ್ಕಿಂತ ಕೂದಲೆಳೆಯಷ್ಟು ಒಳಗೆ ಸರಿಸಲು ಪ್ರಿಂಟರ್‌ಗೆ ನೆನಪಿಸಿ, ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಇಣುಕುತ್ತದೆ.

ಚಿತ್ರದ ಫೈಲ್ ಪ್ರಿಂಟ್ ಆಗುವ ಅಳತೆಯಲ್ಲೇ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕು. 10 ಅಂಗುಲ ಅಗಲ, 12 ಅಂಗುಲ ಎತ್ತರದ ಚಿತ್ರಕ್ಕೆ 3000 × 3600. ಒಂದು ಪಾಯಿಂಟಿಗಿಂತ ತೆಳುವಾದ ಗೆರೆ ಬೇಡ, ಅದು ಮುರಿಯುತ್ತದೆ ಅಥವಾ ಇಂಕ್ ಹರಡಿ ಮುಚ್ಚಿಹೋಗುತ್ತದೆ. ಛಾಯೆಗಳಿದ್ದರೆ ಚುಕ್ಕಿಗಳಾಗಿ ಒಡೆಯಬೇಕು. ಅಂಗುಲಕ್ಕೆ 45 ಸಾಲು ಚುಕ್ಕಿಗೆ 230ರ ಮೆಶ್, ಅಂದರೆ ಅಂಗುಲಕ್ಕೆ 230 ಎಳೆಯಿರುವ ಜಾಲರಿ, ಹೊಂದುತ್ತದೆ, ಬಿಡುಬೀಸಾದ ಮೆಶ್ ಆದರೆ ಸಣ್ಣ ಚುಕ್ಕಿಗಳು ನಿಲ್ಲುವುದಿಲ್ಲ. ಬಣ್ಣವನ್ನು ಪ್ಯಾಂಟೋನ್ ಸಂಖ್ಯೆಯಲ್ಲಿ ಕೊಡಿ, ಅದು ಪ್ರಿಂಟರುಗಳು ಬಳಸುವ ಬಣ್ಣದ ಪಟ್ಟಿ. ಫೋನಿನ ಪರದೆಯಲ್ಲಿ ಹೊಳೆಯುವ ಹಸಿರು ಇಂಕಿನಲ್ಲಿ ಹಾಗೇ ಬರುವುದಿಲ್ಲ. ಎಲ್ಲ ಸೈಜಿಗೂ ಒಂದೇ ಸ್ಕ್ರೀನ್ ಬಳಸುವುದರಿಂದ 10 ಅಂಗುಲ ದಾಟಬೇಡಿ. ಎಕ್ಸ್‌ಎಲ್‌ನಲ್ಲಿ ಚೆನ್ನಾಗಿ ಕಾಣುವ 13 ಅಂಗುಲ, ಎಸ್‌ನಲ್ಲಿ ಕಂಕುಳಿಗೆ ಓಡುತ್ತದೆ.

ಬಟ್ಟೆ 180 ಜಿಎಸ್‌ಎಂನ (ಚದರ ಮೀಟರಿಗೆ 180 ಗ್ರಾಂ ತೂಗುವ), ನೂರಕ್ಕೆ ನೂರು ಕೋಂಬ್ಡ್ ಹತ್ತಿಯದಾಗಿರಲಿ, ಅಂದರೆ ಚಿಕ್ಕ ಎಳೆಗಳನ್ನು ಬಾಚಿ ತೆಗೆದ ಹತ್ತಿ. ಪಾಲಿಯೆಸ್ಟರ್ ಬೆರೆತಿದ್ದರೆ ಬಿಸಿಗೆ ಅದರ ಬಣ್ಣ ಮೇಲೆದ್ದು ಇಂಕಿಗೆ ಇಳಿಯುತ್ತದೆ. ಕೆಂಪು ಶರ್ಟಿನ ಬಿಳಿ ಅಕ್ಷರ ಕೆಲವೇ ದಿನದಲ್ಲಿ ಗುಲಾಬಿಯಾಗುವುದು ಇದರಿಂದ. ಬೇರೆ ಬೇರೆ ಛಾಯೆಯ ಎಳೆ ಬೆರೆತ ಬೂದು ಮೆಲಾಂಜ್ ಬಟ್ಟೆಯಲ್ಲೂ ಪಾಲಿಯೆಸ್ಟರ್ ಇರುವುದುಂಟು, ಕೇಳಿ ತಿಳಿದುಕೊಳ್ಳಿ. ಮಾದರಿ ಶರ್ಟಿನ ಎದೆಯಗಲ, ಉದ್ದ ಅಳೆದು ಬರೆದಿಟ್ಟು ಐದು ಸಲ ಒಗೆಯಿರಿ. ನೂರಕ್ಕೆ ಐದಕ್ಕಿಂತ ಹೆಚ್ಚು ಕುಗ್ಗಿದರೆ, ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಂಡರೆ ಆ ಬಟ್ಟೆ ಬಿಡಿ. ಕಂತಿನ ಸ್ಕ್ರೀನ್ ಪ್ರಿಂಟ್ ಬಂದಾಗ ಅದನ್ನು ಎರಡು ಕೈಯಲ್ಲಿ ಎಳೆದು ನೋಡಿ. ಸ್ಕ್ರೀನ್ ಪ್ರಿಂಟಿಗೆ ಬಳಸುವ ಸಾಮಾನ್ಯ ಪ್ಲಾಸ್ಟಿಸಾಲ್ (ಪ್ಲಾಸ್ಟಿಕ್ ಆಧಾರಿತ) ಇಂಕ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಬೇಕು, ಆ ಬಿಸಿ ಪದರದ ತಳದವರೆಗೂ ಮುಟ್ಟಬೇಕು. ಮೇಲ್ಮೈ ಮಾತ್ರ ಬೆಂದಿದ್ದರೆ ಎಳೆದಾಗ ಬಿರುಕು ಬಿಡುತ್ತದೆ, ಒಗೆದಾಗ ಉದುರುತ್ತದೆ. ಬಟ್ಟೆಯಲ್ಲಿ ತೇವವಿದ್ದರೂ ಹೀಗಾಗುತ್ತದೆ, ಬಿಸಿಯೆಲ್ಲ ನೀರು ಆರಿಸಲು ಹೋಗಿರುತ್ತದೆ.

ಇನ್ನು ಲೆಕ್ಕ. ಮಾರುವ ಬೆಲೆ 100 ಎಂದುಕೊಳ್ಳಿ. ಉದಾಹರಣೆಗೆ, ಖಾಲಿ ಶರ್ಟ್ 22, ಪ್ರಿಂಟ್ 12, ಪ್ಯಾಕಿಂಗ್ 4, ಸಾಗಣೆ 10, ಬದಲಾವಣೆ ಮತ್ತು ಹಾಳಾದದ್ದಕ್ಕೆ 4, ಕಲಾವಿದರಿಗೆ 10, ಪೇಮೆಂಟ್ ಕಮಿಷನ್ 3. ಉಳಿದದ್ದು 35, ತೆರಿಗೆ, ಜಾಹೀರಾತು, ನಿಮ್ಮ ಸಂಬಳ ಎಲ್ಲ ಇದರಲ್ಲೇ. ಈಗ ನೂರಕ್ಕೆ 20 ರಿಯಾಯಿತಿ ಕೊಟ್ಟು ನೋಡಿ. ಬೆಲೆ 80 ಆಯಿತು, ಕಲಾವಿದರ ಪಾಲು 8, ಕಮಿಷನ್ 2.4; ಮಿಕ್ಕ 52 ಹಾಗೇ ಇದೆ. ಉಳಿಯುವುದು 17.6. ಬೆಲೆಯ ಐದರಲ್ಲೊಂದು ಪಾಲು ಬಿಟ್ಟರೆ ನಿಮ್ಮ ಪಾಲಿನ ಅರ್ಧ ಹೋಗುತ್ತದೆ. ಉದ್ಘಾಟನೆಯ ರಿಯಾಯಿತಿ ಎಂಬ ಆಸೆಯನ್ನು ಬಿಡಿ ಎನ್ನುವುದು ಇದಕ್ಕೇ.

ಕಲಾವಿದರು ಗೆಳೆಯರಾದ್ದರಿಂದಲೇ ಕರಾರು ಕಾಗದದ ಮೇಲೆ ಇರಬೇಕು. ಚಿತ್ರದ ಹಕ್ಕುಸ್ವಾಮ್ಯ ಅವರದ್ದಾಗಿಯೇ ಉಳಿಯಲಿ. ನೀವು ಪಡೆಯುವುದು ಟೀ ಶರ್ಟಿಗೆ ಮಾತ್ರ, ಒಂದು ವರ್ಷಕ್ಕೆ ಮಾತ್ರ ಬಳಸುವ ಪರವಾನಗಿ. ಚೀಲ, ಲೋಟ, ಪೋಸ್ಟರ್ ಮಾಡುವುದಾದರೆ ಮತ್ತೆ ಕೇಳಬೇಕು. ರಾಯಧನ ಗ್ರಾಹಕ ಕೊಟ್ಟ ಬೆಲೆಯ ಮೇಲೆಂದು ಬರೆಯಿರಿ. ಲಾಭದ ಮೇಲೆಂದರೆ ಯಾವ ಖರ್ಚು ಕಳೆಯಬೇಕೆಂಬ ಜಗಳ ತಪ್ಪುವುದಿಲ್ಲ, ಸೋಲುವುದು ಹೆಚ್ಚಾಗಿ ಕಲಾವಿದರೇ. ಚಿತ್ರ ಕೊಟ್ಟ ದಿನ ಒಂದಿಷ್ಟು ಮುಂಗಡ, ಮೂರು ತಿಂಗಳಿಗೊಮ್ಮೆ ಮಾರಾಟದ ಪಟ್ಟಿ, ಶರ್ಟಿನ ಒಳಕೊರಳಲ್ಲಿ ಅವರ ಹೆಸರು. ಚಿತ್ರ ಸ್ವಂತದ್ದು, ಬೇರೆಯವರ ಪಾತ್ರವಾಗಲಿ ಲೋಗೊವಾಗಲಿ ಬಳಸಿಲ್ಲ, ಅಕ್ಷರಗಳ ಫಾಂಟಿಗೆ ವ್ಯಾಪಾರದ ಪರವಾನಗಿ ಇದೆ ಎಂದು ಅವರೂ ಬರೆದುಕೊಡಬೇಕು.

ಮುಂಗಡ ಆರ್ಡರಿನ ಹಣದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ಶರ್ಟ್ ಕಳಿಸುವವರೆಗೆ ಅದು ನಿಮ್ಮದಲ್ಲ. ಬೇರೆ ಖಾತೆಯಲ್ಲಿಡಿ, ಆ ಕಂತಿನ ಬಟ್ಟೆಗೂ ಪ್ರಿಂಟಿಗೂ ಮಾತ್ರ ತೆಗೆಯಿರಿ. ಹಳೆಯ ಕಂಪನಿಯ ಬಾಕಿ ಒತ್ತಾಯ ಮಾಡುತ್ತಿದ್ದರೂ ಇದರಿಂದ ತೀರಿಸಬೇಡಿ. ಚಿತ್ರಕ್ಕೆ 40 ಆರ್ಡರ್ ಬಾರದಿದ್ದರೆ ವಾಪಸ್ ಕೊಡುವುದೂ ಇದೇ ಹಣವನ್ನು.

ಗ್ರಾಹಕರ ಪಟ್ಟಿಯ ವಿಷಯ: ಅದು ಮುಚ್ಚಿದ ಕಂಪನಿಯ ಸ್ವತ್ತು. ಅದರಲ್ಲಿರುವವರು ವಿಳಾಸ ಕೊಟ್ಟದ್ದೂ ಬೇರೆ ಸೇವೆಗೆ. ಒಟ್ಟಾಗಿ ಮೇಲ್ ಕಳಿಸಬೇಡಿ. ಮೊದಲ ಕೊಳ್ಳುವವರು ನಿಮ್ಮ ಕಲಾವಿದರನ್ನು ಈಗಾಗಲೇ ಹಿಂಬಾಲಿಸುತ್ತಿರುವ ಜನ. ಆರ್ಡರ್ ತೆರೆಯುವುದಕ್ಕೆ ಒಂದು ವಾರ ಮುಂಚೆಯಿಂದ ಇಬ್ಬರೂ ತಮ್ಮ ಪುಟಗಳಲ್ಲಿ ಕರಡು ರೇಖೆಗಳನ್ನು, ಮಾದರಿ ಶರ್ಟನ್ನು ತೋರಿಸಲಿ. ಜೊತೆಗೆ ಶರ್ಟ್ ಚಪ್ಪಟೆಯಾಗಿ ಹಾಸಿ ಅಳೆದ ಎದೆಯಗಲ, ಉದ್ದದ ಪಟ್ಟಿಯನ್ನೂ ಹಾಕಲಿ. ಮನೆಯಲ್ಲಿರುವ ತಮ್ಮ ಶರ್ಟಿನೊಂದಿಗೆ ಹೋಲಿಸಿ ಆರ್ಡರ್ ಮಾಡಿದವರಿಂದ ಸೈಜ್ ಬದಲಾವಣೆಯ ಕೋರಿಕೆ ಬರುವುದು ಕಡಿಮೆ.